ಮರಿ ಸಿಕ್ಕಿದೆ, ಏನು ಮಾಡಲಿ? ಹಾಸನ ಭಾಗದಲ್ಲಿ ಪ್ರಾಣಿ ರಕ್ಷಣೆ, ಫಾಸ್ಟರ್, ದತ್ತು: ಪದೇ ಪದೇ ಕೇಳುವ ಪ್ರಶ್ನೆಗಳು

ಫೋನಿನಲ್ಲಿ, ನಾವು ನಡೆಸುವ ನಾಯಿ-ಬೆಕ್ಕುಗಳ ಶೆಲ್ಟರ್ (ಆಶ್ರಯತಾಣ) ಗೇಟಿನ ಬಳಿ, ಮದುವೆಮನೆಯ ಪಂಕ್ತಿಯಲ್ಲಿ ಜನ ನಮ್ಮನ್ನು ಕೇಳುವ ಪ್ರಶ್ನೆಗಳು ಇಲ್ಲಿವೆ. ಹಾಸನ ನಗರ, ಆಲೂರು, ಸಕಲೇಶಪುರ, ಬೇಲೂರು ಕಡೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ತುರ್ತು ಇದ್ದವರು ಮೊದಲ ಭಾಗ ಮಾತ್ರ ಓದಿ. ಉಳಿದದ್ದನ್ನು ಆಮೇಲೆ ಕಾಫಿ ಕುಡಿಯುತ್ತಾ ಓದಬಹುದು.

ಸಿಕ್ಕ ಕೂಡಲೇ

ಗೇಟಿನ ಹತ್ತಿರ ಯಾರೋ ನಾಯಿಮರಿ ಬಿಟ್ಟು ಹೋಗಿದ್ದಾರೆ. ಬಂದು ತಗೊಂಡು ಹೋಗ್ತೀರಾ?

ಹೆಚ್ಚಿನ ಸಲ ನಮ್ಮ ಉತ್ತರ "ಸ್ವಲ್ಪ ದಿನ ನೀವೇ ಇಟ್ಕೊಳ್ಳಿ, ಉಳಿದದ್ದು ನಾವು ನೋಡ್ತೀವಿ" ಎಂದಿರುತ್ತದೆ. ಕೇಳಿದವರಿಗೆ ಸಿಟ್ಟು ಬರುತ್ತದೆ. "ಹಾಗಾದ್ರೆ ನೀವು ಇರೋದು ಯಾಕೆ?" ಎಂದು ಕೇಳಿದವರೂ ಇದ್ದಾರೆ. ಕಾರಣ ಇಷ್ಟೇ: ಲಸಿಕೆ ಆಗದ ಮರಿಗೆ ಶೆಲ್ಟರ್‌ಗಿಂತ ನಿಮ್ಮ ಮನೆಯ ಜಗಲಿಯೇ ಕ್ಷೇಮ. ಮರಿಗಳಿಗೆ ರಕ್ತಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಚಪ್ಪಲಿ, ಬಕೆಟ್ಟು, ಕೈ ಎಲ್ಲಕ್ಕೂ ಅಂಟಿಕೊಂಡು ಓಡಾಡುತ್ತದೆ. ಹತ್ತೂರಿನ ನಾಯಿಗಳು ಬಂದು ಹೋಗುವ ಜಾಗವನ್ನು ಎಷ್ಟೇ ಬ್ಲೀಚಿಂಗ್ ಹಾಕಿ ತೊಳೆದರೂ ಅದು ಪೂರ್ತಿ ಹೋಯಿತು ಎನ್ನುವಂತಿಲ್ಲ. ರಕ್ತಭೇದಿ ಶುರುವಾದರೆ ಎರಡು ಮೂರು ದಿನದಲ್ಲಿ ಮರಿ ಕೈಬಿಟ್ಟು ಹೋಗಬಹುದು.

ಹಾಗಾಗಿ ಮೊದಲು ಸುತ್ತಮುತ್ತ ತಾಯಿ ಇದೆಯಾ ನೋಡಿ. ಮರಿಗಳು ಬೆಚ್ಚಗಿದ್ದು, ಹೊಟ್ಟೆ ತುಂಬಿ ಮಲಗಿದ್ದರೆ ತಾಯಿ ಊಟ ಹುಡುಕಿಕೊಂಡು ಹೋಗಿರುತ್ತದೆ. ದೂರ ನಿಂತು ಕೆಲವು ಗಂಟೆ ಕಾಯಿರಿ. ರಟ್ಟಿನ ಡಬ್ಬದಲ್ಲೋ ಗೋಣಿಚೀಲದಲ್ಲೋ ಇಟ್ಟು ಹೋಗಿದ್ದರೆ ಮಾತ್ರ ಕಾಯುವುದರಲ್ಲಿ ಅರ್ಥವಿಲ್ಲ. ಒಳಗೆ ತನ್ನಿ, ಒಣ ಬಟ್ಟೆ ಹಾಸಿ, ಫೋಟೊ ತೆಗೆದು ನಮಗೆ ಕಳಿಸಿ. ಜಂತುಹುಳದ ಔಷಧಿ, ಮೊದಲ ಲಸಿಕೆ, ದತ್ತು ಪ್ರಕಟಣೆ, ಬಂದವರನ್ನು ವಿಚಾರಿಸುವುದು, ಇಷ್ಟೂ ನಮ್ಮ ಕೆಲಸ. ಮಲಗಲು ಒಂದು ಮೂಲೆ ಮಾತ್ರ ನಿಮ್ಮದು.

ಹೈವೇಯಲ್ಲಿ ನಾಯಿಗೆ ಗಾಡಿ ಗುದ್ದಿದೆ, ಇನ್ನೂ ಉಸಿರಿದೆ.

ಮೊದಲು ನಿಮ್ಮ ಜೀವ ನೋಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 75ರಲ್ಲಿ, ಅದರಲ್ಲೂ ಸಕಲೇಶಪುರದ ಕಡೆಯ ತಿರುವುಗಳಲ್ಲಿ, ರಾತ್ರಿ ಹೊತ್ತು ರಸ್ತೆ ಮಧ್ಯೆ ಬಗ್ಗಿ ನಿಲ್ಲಬೇಡಿ. ಗಾಡಿಯನ್ನು ಪಕ್ಕಕ್ಕೆ ಹಾಕಿ, ಇಂಡಿಕೇಟರ್ ಹಾಕಿ, ಒಬ್ಬರು ಟಾರ್ಚ್ ಹಿಡಿದು ಬರುವ ಗಾಡಿಗಳಿಗೆ ತೋರಿಸಲಿ.

ನೋವಿನಲ್ಲಿರುವ ನಾಯಿ, ಅದು ನೀವೇ ಸಾಕಿದ್ದಾದರೂ, ಕಚ್ಚುತ್ತದೆ. ತಲೆಯ ಮೇಲೆ ಬೆಡ್‌ಶೀಟೋ ಟವೆಲ್ಲೋ ಹಾಕಿ. ಉಸಿರಾಟ ಸರಾಗವಾಗಿದ್ದು ವಾಂತಿ ಇಲ್ಲದಿದ್ದರೆ ಬಟ್ಟೆಯ ಪಟ್ಟಿಯಿಂದ ಬಾಯಿ ಸಡಿಲವಾಗಿ ಕಟ್ಟಬಹುದು. ಕಾಲು ಹಿಡಿದು ಎತ್ತಬೇಡಿ, ಬೆನ್ನುಮೂಳೆ ಮುರಿದಿರಬಹುದು. ಹಲಗೆ, ಕಾರಿನ ಮ್ಯಾಟ್, ಬಿಗಿಯಾಗಿ ಹಿಡಿದ ಕಂಬಳಿ, ಯಾವುದಾದರೂ ಸರಿ, ಅದರ ಮೇಲೆ ಜಾರಿಸಿಕೊಂಡು ಒಟ್ಟಿಗೆ ಎತ್ತಿ. ರಕ್ತ ಹರಿಯುತ್ತಿದ್ದರೆ ಬಟ್ಟೆ ಒತ್ತಿ ಹಿಡಿಯಿರಿ. ನೀರು, ಹಾಲು, ಬಿಸ್ಕತ್ತು ಏನನ್ನೂ ಬಾಯಿಗೆ ಹಾಕಬೇಡಿ. ಮನೆಯಲ್ಲಿರುವ ನೋವಿನ ಮಾತ್ರೆ ಅಂತೂ ಕೊಡಲೇಬೇಡಿ. ಬೆಕ್ಕಿಗೆ ಒಂದೇ ಒಂದು ಪ್ಯಾರಾಸಿಟಮಾಲ್ ಸಾಕು, ಪ್ರಾಣ ಹೋಗಲು.

ಹಗಲಾದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ಒಯ್ಯಿರಿ. ಮೂಳೆ ಮುರಿತ, ದೊಡ್ಡ ಆಪರೇಷನ್ ಬೇಕಾದ ಪ್ರಾಣಿಗಳ ಮಟ್ಟಿಗೆ ನಮ್ಮ ಜಿಲ್ಲೆಗೆ ಒಂದು ಅನುಕೂಲವಿದೆ: ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಪಶುವೈದ್ಯಕೀಯ ಕಾಲೇಜು ಹಾಸನದಲ್ಲೇ ಇದೆ. ದಾರಿಯಲ್ಲಿ ಹೊರಟ ಮೇಲೆ ನಮಗೆ ಫೋನ್ ಮಾಡಿ, ಹೊರಡುವ ಮೊದಲು ಮಾಡುತ್ತಾ ನಿಂತು ಹೊತ್ತು ಕಳೆಯಬೇಡಿ. 1962ಕ್ಕೆ ಕರೆ ಮಾಡಿದರೆ ಪಶು ಸಂಜೀವಿನಿ ವಾಹನ ಬರುತ್ತದಲ್ಲ ಎನ್ನುತ್ತೀರಿ. ಅದು ಮುಖ್ಯವಾಗಿ ರೈತರ ದನಕರುಗಳಿಗಾಗಿ ಇರುವ ಸೇವೆ. ಹಸು, ಎಮ್ಮೆ, ಕುರಿ, ಮೇಕೆಗೆ ಏನಾದರೂ ಆಗಿದ್ದರೆ ಮೊದಲು ಆ ನಂಬರಿಗೇ ಮಾಡಿ.

ಎತ್ತುವಾಗ ಕಚ್ಚಿಬಿಟ್ಟಿತು. ಮರಿ ಅಲ್ವಾ, ಪರವಾಗಿಲ್ಲ ಅಲ್ವಾ?

ಪರವಾಗಿಲ್ಲ ಅನ್ನುವಂತೆಯೇ ಇಲ್ಲ. ಮರಿಗೂ ರೇಬಿಸ್ ಬರುತ್ತದೆ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಸುವ ಔಷಧಿ ಇಲ್ಲ, ಕಾಣಿಸುವ ಮೊದಲು ಇಂಜೆಕ್ಷನ್ ಸಾಕು.

ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು ತೊಳೆಯಿರಿ, ಇಲ್ಲದಿದ್ದರೆ ಎಲ್ಲರೂ ಒಂದು ನಿಮಿಷಕ್ಕೇ ನಲ್ಲಿ ನಿಲ್ಲಿಸುತ್ತಾರೆ. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಬೇಡ. ಅವತ್ತೇ ತಾಲ್ಲೂಕು ಆಸ್ಪತ್ರೆಗೋ ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ಗೋ ಹೋಗಿ. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0, 3, 7, 28ನೇ ದಿನ. ಸ್ನಾಯುವಿಗೆ ಕೊಡುವುದಾದರೆ 0, 3, 7, 14, 28ನೇ ದಿನ. ಹಲ್ಲು ಆಳಕ್ಕೆ ಹೋಗಿ ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಇಂಜೆಕ್ಷನ್ ಕೂಡ ಕೊಡಬೇಕಾಗುತ್ತದೆ. ನೀವೇ ಬಾಯಿಬಿಟ್ಟು ಕೇಳಿ. ನಾಯಿಯನ್ನು ಹತ್ತು ದಿನ ಗಮನಿಸಿ ಎಂದು ಹೇಳುವುದು ನಿಜ, ಆದರೆ ಆ ಹತ್ತು ದಿನ ಇಂಜೆಕ್ಷನ್ ಮುಂದೂಡಲು ಇರುವ ನೆಪ ಅಲ್ಲ.

ಇನ್ನೊಂದು ಮಾತು. ನಾಯಿ ಬಾಯಿ ತೆರೆದುಕೊಂಡೇ ಇದೆ, ಜೊಲ್ಲು ಸುರಿಸುತ್ತಿದೆ, ನುಂಗಲು ಕಷ್ಟಪಡುತ್ತಿದೆ ಎಂದಾಗ "ಮೂಳೆ ಸಿಕ್ಕಿಕೊಂಡಿರಬೇಕು" ಎಂದು ಬಾಯಿಗೆ ಕೈ ಹಾಕುವವರಿದ್ದಾರೆ. ಹಸು ಹೀಗೆ ಮಾಡಿದಾಗ ರೈತರೂ ಕೈ ಹಾಕುತ್ತಾರೆ. ಅದು ರೇಬಿಸ್‌ನ ಲಕ್ಷಣವೂ ಆಗಿರಬಹುದು. ದೂರ ನಿಂತು ಡಾಕ್ಟರಿಗೆ ಹೇಳಿ. ನಮ್ಮಲ್ಲಿ ವಾಲಂಟಿಯರ್ ಆಗುವ ಯಾರೇ ಆದರೂ ಮುಂಜಾಗ್ರತೆಯ ರೇಬಿಸ್ ಲಸಿಕೆ ಮುಗಿಸದೆ ದೊಡ್ಡ ನಾಯಿಗಳನ್ನು ಮುಟ್ಟುವಂತಿಲ್ಲ. ಇದರಲ್ಲಿ ದಾಕ್ಷಿಣ್ಯ ಇಲ್ಲ.

ಕಣ್ಣೇ ಬಿಡದ ಬೆಕ್ಕಿನಮರಿ ಸಿಕ್ಕಿವೆ. ಹಸುವಿನ ಹಾಲು ಕೊಡಬಹುದಾ?

ಬೇಡ, ಭೇದಿ ಆಗುತ್ತದೆ. ಮೆಡಿಕಲ್ ಶಾಪಿನಲ್ಲೋ ಪೆಟ್ ಶಾಪಿನಲ್ಲೋ ಬೆಕ್ಕಿನಮರಿಗೆಂದೇ ಹಾಲಿನ ಪುಡಿ ಸಿಗುತ್ತದೆ. ರಾತ್ರೋರಾತ್ರಿ ಸಿಗದಿದ್ದರೆ ಬೆಳಗಾಗುವವರೆಗೆ ಮೇಕೆ ಹಾಲಿನಲ್ಲಿ ನಿಭಾಯಿಸಿ.

ಹಾಲಿಗಿಂತ ಮೊದಲು ಬೇಕಾದದ್ದು ಬಿಸಿ. ಮೈ ತಣ್ಣಗಿರುವ ಮರಿಗೆ ಹಾಲು ಜೀರ್ಣವಾಗುವುದಿಲ್ಲ, ಹೊಟ್ಟೆಯಲ್ಲೇ ಕೆಡುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಸೆಖೆಯಾದರೆ ಸರಿದುಕೊಳ್ಳಲು ಜಾಗವೂ ಇರಲಿ. ಮೈ ಬೆಚ್ಚಗಾದ ಮೇಲೆ, ಬೋರಲು ಮಲಗಿಸಿಯೇ, ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಕುಡಿಸಿ. ಮಗುವಿನ ಹಾಗೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಪ್ರತಿ ಸಲ ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹಿಂಭಾಗ ಮೆಲ್ಲಗೆ ಒರೆಸಿ. ಈ ವಯಸ್ಸಿನಲ್ಲಿ ತಾಯಿ ನೆಕ್ಕಿದರೆ ಮಾತ್ರ ಅವಕ್ಕೆ ಒಂದ ಎರಡ ಆಗುವುದು, ಆ ಕೆಲಸ ಈಗ ನಿಮ್ಮದು. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಗಿ ಬರೆದಿಡಿ. ತೂಕ ಏರದೆ ನಿಂತರೆ ಅವತ್ತೇ ಡಾಕ್ಟರು.

ಸುಮಾರು ನಾಲ್ಕು ವಾರಕ್ಕೆ ಮೆತ್ತಗಿನ ಊಟ ಶುರು, ಎಂಟು ವಾರದ ಮೊದಲು ದತ್ತು ಇಲ್ಲ. ಎಷ್ಟೇ ಚೆನ್ನಾಗಿ ನೋಡಿಕೊಂಡರೂ ಇಷ್ಟು ಸಣ್ಣ ಮರಿಗಳಲ್ಲಿ ಕೆಲವು ಉಳಿಯುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ.

ಕಜ್ಜಿ ನಾಯಿಗೆ ಗ್ಯಾರೇಜಿನ ಹಳೇ ಆಯಿಲ್ ಹಚ್ಚಿದ್ದೇವೆ. ಗಾಯದಲ್ಲಿ ಹುಳ ಬಿದ್ದಿತ್ತು, ಪೆಟ್ರೋಲ್ ಹಾಕಿದೆವು. ಸರಿ ತಾನೆ?

ಮಾಡಿದವರ ಮನಸ್ಸು ಒಳ್ಳೆಯದು, ಹಚ್ಚಿದ್ದು ವಿಷ. ಸುಟ್ಟ ಆಯಿಲ್ ಚರ್ಮದ ಮೂಲಕವೂ, ನಾಯಿ ನೆಕ್ಕಿಕೊಳ್ಳುವುದರಿಂದಲೂ ಒಳಗೆ ಹೋಗಿ ಲಿವರ್, ಕಿಡ್ನಿ ಹಾಳುಮಾಡುತ್ತದೆ. ಸೀಮೆಎಣ್ಣೆ, ಫಿನಾಯಿಲ್, ನುಸಿಗುಳಿಗೆ ಪುಡಿ ಇವೆಲ್ಲವೂ ಅದೇ ಸಾಲಿಗೆ. ದನದ ಉಣ್ಣೆಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ಬೆರೆಸಿ ನಾಯಿಗೆ ಸುರಿಯುವುದು ಹಳ್ಳಿಗಳಲ್ಲಿ ಮಾಮೂಲು, ಅದರಿಂದ ಸತ್ತ ನಾಯಿಗಳೂ ಮಾಮೂಲು. ನಾಯಿಯ ಉಣ್ಣೆಗೆ ಬಳಸುವ ಪರ್ಮೆತ್ರಿನ್ ಬೆಕ್ಕಿಗೆ ತಾಗಿದರೆ ನಡುಕ ಬಂದು ಸಾಯುತ್ತದೆ.

ಈಗ ಕಜ್ಜಿಗೂ ಉಣ್ಣೆಗೂ ತೂಕ ನೋಡಿ ಕೊಡುವ ಮಾತ್ರೆಗಳಿವೆ. ಬೀದಿನಾಯಿಯನ್ನು ಹಿಡಿಯುವುದೂ ಬೇಡ, ಊಟದಲ್ಲಿ ಇಟ್ಟರೆ ಸಾಕು. ಹುಳದ ಗಾಯಕ್ಕೆ ಸ್ಪ್ರೇ ಇದೆ. ಆದರೆ ಮೊದಲು ಕೂದಲು ಕತ್ತರಿಸಿ, ಒಳಗಿನ ಹುಳ ಒಂದೊಂದಾಗಿ ತೆಗೆಯಬೇಕು. ಮಳೆಗಾಲದಲ್ಲಿ ನಮಗೆ ಬರುವ ಫೋನುಗಳಲ್ಲಿ ಇದೇ ಹೆಚ್ಚು. ಫೋಟೊ ಕಳಿಸಿ, ಏನು ಕೊಡಬೇಕೆಂದು ಡಾಕ್ಟರನ್ನು ಕೇಳಿ ಹೇಳುತ್ತೇವೆ.

ನಮ್ಮ ಬೀದಿಯ ನಾಯಿಗಳನ್ನೆಲ್ಲ ಹಿಡ್ಕೊಂಡು ಹೋಗಿ.

ಅದು ನಮ್ಮ ಕೈಲಿಲ್ಲ, ಇರಲೂಬಾರದು. ಬೀದಿನಾಯಿಗಳ ಸಂತಾನಹರಣ ಚಿಕಿತ್ಸೆ ಮತ್ತು ಲಸಿಕೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಆಪರೇಷನ್ ಆದ ನಾಯಿಯ ಕಿವಿಯ ತುದಿ ಕತ್ತರಿಸಿ ಗುರುತು ಮಾಡಿರುತ್ತಾರೆ, ಅದನ್ನು ಹಿಡಿದ ಜಾಗಕ್ಕೇ ತಂದು ಬಿಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ರೇಬಿಸ್ ಶಂಕೆಯ ನಾಯಿಗಳನ್ನೂ ಆಕ್ರಮಣಕಾರಿ ನಾಯಿಗಳನ್ನೂ ಇದರಿಂದ ಹೊರಗಿಟ್ಟಿತು, ಊಟ ಹಾಕಲು ಜಾಗ ಗೊತ್ತುಮಾಡಿ ಎಂದಿತು. ಅದೇ ವರ್ಷ ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದ ನಾಯಿಗಳನ್ನು ಹಿಡಿದು, ಚಿಕಿತ್ಸೆ ಮಾಡಿಸಿ, ಆಶ್ರಯತಾಣಕ್ಕೆ ಸೇರಿಸಬೇಕು, ಮತ್ತೆ ಅಲ್ಲೇ ಬಿಡಬಾರದು ಎಂದು ಹೇಳಿದೆ. ಅಂದರೆ ಮನವಿ ಕೊಡಬೇಕಾದ್ದು ನಗರಸಭೆಗೆ, ಪುರಸಭೆಗೆ, ಪಂಚಾಯಿತಿಗೆ. ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ.

ನಿಮ್ಮ ಬೀದಿಯ ನಾಯಿಗಳನ್ನು ರಾತ್ರಿ ಟೆಂಪೊದಲ್ಲಿ ತುಂಬಿ ಯಾವುದೋ ಎಸ್ಟೇಟಿನ ಅಂಚಿಗೆ ಬಿಟ್ಟು ಬಂದರೆ, ಖಾಲಿ ಜಾಗಕ್ಕೆ ಆಪರೇಷನ್ ಆಗದ ಬೇರೆ ನಾಯಿಗಳು ಬರುತ್ತವೆ. ಬಿಟ್ಟ ನಾಯಿಗಳು ಚಿರತೆಗೋ ಹಸಿವಿಗೋ ಸಿಗುತ್ತವೆ.

ಪುನುಗುಬೆಕ್ಕು, ಗಿಳಿಮರಿ, ಚಿರತೆ ಮರಿ, ಹಾವು ಸಿಕ್ಕರೆ?

ಅರಣ್ಯ ಇಲಾಖೆ, ಸಹಾಯವಾಣಿ 1926. ನಾವು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಪಂಜರದ ಹಸಿರು ಗಿಳಿ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ ಎಂದು ಹೇಳಿದರೆ ಈಗಲೂ ಬಹಳ ಜನ ನಂಬುವುದಿಲ್ಲ.

ತೋಟದಲ್ಲೋ ಕಬ್ಬಿನ ಗದ್ದೆಯಲ್ಲೋ ಚಿರತೆ ಮರಿ ಕಂಡರೆ ಎತ್ತಿಕೊಂಡು ಸೆಲ್ಫಿ ತೆಗೆಯಬೇಡಿ, ತಾಯಿ ಹತ್ತಿರದಲ್ಲೇ ಇರುತ್ತದೆ. ಹಂದಿಗೆಂದು ಹಾಕಿದ ಉರುಳಿಗೆ ಯಾವುದೇ ಕಾಡುಪ್ರಾಣಿ ಸಿಕ್ಕಿದ್ದರೆ ಬಿಡಿಸಲು ಹೋಗದೆ ಜನ ಸೇರದಂತೆ ನೋಡಿಕೊಳ್ಳಿ. ಕಾಡಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. 1957ರಲ್ಲಿ ಶಿವಮೊಗ್ಗದ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನಕಾಯಿಲೆ ಉಣ್ಣೆಯಿಂದ ಹರಡುತ್ತದೆ, ಸತ್ತ ಮಂಗದ ಮೈಯಿಂದ ಇಳಿದ ಉಣ್ಣೆ ಮನುಷ್ಯರಿಗೆ ಹತ್ತುತ್ತದೆ. ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗಂಡು ಕರು ಬಿಟ್ಟು ಹೋಗಿದ್ದಾರೆ. ನೀವು ಸೇರಿಸಿಕೊಳ್ತೀರಾ?

ನಮ್ಮದು ನಾಯಿ, ಬೆಕ್ಕಿನ ಜಾಗ, ದನಕ್ಕೆ ಕೊಟ್ಟಿಗೆ ಇಲ್ಲ. ಆದರೆ ಹಾಲಿನ ಜಿಲ್ಲೆಯಲ್ಲಿ ಈ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಮುಗಿಸುವಂತೆಯೂ ಇಲ್ಲ. ಎಚ್‌ಎಫ್ (ಹೆಚ್ಚು ಹಾಲು ಕೊಡುವ ವಿದೇಶಿ ತಳಿ) ಗಂಡು ಕರು ಉಳುಮೆಗೆ ಬರುವುದಿಲ್ಲ, ಮೇವಿಗೆ ದುಡ್ಡು ಬೇಕು, 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ನಂತರ ಕಸಾಯಿಖಾನೆಗೆ ಮಾರುವ ದಾರಿಯೂ ಇಲ್ಲ. ಹೀಗಾಗಿ ದೇವಸ್ಥಾನದ ಬಾಗಿಲಿಗೋ ರಸ್ತೆಗೋ ಬರುತ್ತದೆ. ರೈತರನ್ನು ಬೈದು ಪ್ರಯೋಜನ ಇಲ್ಲ.

ಕರು ಸಿಕ್ಕರೆ ಮೊದಲು ಕೇಳಬೇಕಾದ್ದು ಗಿಣ್ಣು ಹಾಲು ಕುಡಿದಿದೆಯಾ ಎಂದು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಅದು ಸಿಗದ ಕರುವಿಗೆ ರೋಗನಿರೋಧಕ ಶಕ್ತಿಯೇ ಇರುವುದಿಲ್ಲ. ಹತ್ತಿರದ ಕೊಟ್ಟಿಗೆಯಲ್ಲಿ ಹಸು ಈಗಷ್ಟೇ ಕರು ಹಾಕಿದ್ದರೆ ಗಿಣ್ಣು ಮಾಡುವ ಮೊದಲು ಒಂದು ಲೋಟ ಬೇಡಿ ತನ್ನಿ. ನಂತರ 1962 ಮತ್ತು ಗೋಶಾಲೆ. ಸರ್ಕಾರದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ವರ್ಷಕ್ಕೆ 11,000 ರೂಪಾಯಿ ಕೊಟ್ಟು ಗೋಶಾಲೆಯ ಒಂದು ರಾಸಿನ ಖರ್ಚು ಹೊರಬಹುದು. ಹಸು ಸಾಕುವವರು ಕೃತಕ ಗರ್ಭಧಾರಣೆಗೆ ಲಿಂಗ ನಿರ್ಧಾರಿತ ವೀರ್ಯ ಕೇಳಿ ಹಾಕಿಸಿದರೆ ನೂರಕ್ಕೆ ಸುಮಾರು 90 ಹೆಣ್ಣು ಕರುವೇ ಹುಟ್ಟುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಸಮಸ್ಯೆಗೆ ಗೋಶಾಲೆಗಿಂತ ಇದೇ ದೊಡ್ಡ ಮದ್ದು.

ಫಾಸ್ಟರ್

ಫಾಸ್ಟರ್ ಅಂದ್ರೆ ಏನು? ಸಾಕಿಕೊಳ್ಳೋದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕಾಯಂ ಮನೆ ಸಿಗುವವರೆಗೆ ನಿಮ್ಮ ಮನೆ. ಮರಿಗಳಿಗೆ ಲಸಿಕೆಗಳು ಮುಗಿಯುವವರೆಗೆ, ಆಪರೇಷನ್ ಆದ ನಾಯಿಗೆ ಹೊಲಿಗೆ ಒಣಗುವವರೆಗೆ, ಮುದಿ ನಾಯಿಗೆ ಕೆಲವೊಮ್ಮೆ ಕೊನೆಯವರೆಗೆ. ಔಷಧಿ, ಲಸಿಕೆ, ಡಾಕ್ಟರ ಖರ್ಚು ಶೆಲ್ಟರ್‌ನದ್ದು. ಊಟ ನಿಮ್ಮಿಂದ ಆದರೆ ಒಳ್ಳೆಯದು, ಆಗದಿದ್ದರೆ ಅದನ್ನೂ ಕಳಿಸುತ್ತೇವೆ.

ನಮ್ಮನ್ನು ಕೇಳಿದರೆ ಈ ಕೆಲಸದ ಬೆನ್ನೆಲುಬು ಇದೇ. ಶೆಲ್ಟರ್‌ನಲ್ಲಿ ಹತ್ತು ಗೂಡು ಹೆಚ್ಚು ಕಟ್ಟಿಸಿದರೆ ಹತ್ತು ನಾಯಿ ಹೆಚ್ಚು ಬರುತ್ತವೆ, ಅಷ್ಟೇ. ಗೂಡಿನಲ್ಲಿ ಬೆಳೆದ ಮರಿಗೆ ಕುಕ್ಕರ್ ಸೀಟಿ ಗೊತ್ತಿಲ್ಲ, ಮಿಕ್ಸಿ ಗೊತ್ತಿಲ್ಲ, ಮೆಟ್ಟಿಲು ಗೊತ್ತಿಲ್ಲ, ಅಜ್ಜಿಯ ಕೋಲು ಕಂಡರೆ ಮೂಲೆ ಸೇರುತ್ತದೆ. ಒಂದು ತಿಂಗಳು ಮನೆಯಲ್ಲಿದ್ದ ಮರಿ ಇದನ್ನೆಲ್ಲ ಕಲಿತು ಬರುತ್ತದೆ, ಬೇಗ ಮನೆ ಸಿಗುತ್ತದೆ, ವಾಪಸ್ ಬರುವುದೂ ಕಡಿಮೆ. ಇನ್ನು ಅದರ ಜೊತೆಗಿದ್ದ ನಿಮಗೆ ಅದರ ಸ್ವಭಾವ ಗೊತ್ತಿರುತ್ತದೆ. ಕೋಳಿ ಅಟ್ಟಿಸುತ್ತದಾ, ಬೈಕಿಗೆ ಬೊಗಳುತ್ತದಾ, ಒಂಟಿಯಾಗಿದ್ದರೆ ಅಳುತ್ತದಾ ಎಂದು ಕೇಳಿದರೆ ಶೆಲ್ಟರ್‌ನವರಾದ ನಮಗೆ ಹೇಳಲು ಬರುವುದಿಲ್ಲ, ನೀವು ಹೇಳುತ್ತೀರಿ.

ಮನೆಯಲ್ಲಿ ಈಗಾಗಲೇ ನಾಯಿ ಇದೆ.

ಅದಕ್ಕೆ ಲಸಿಕೆ ಪೂರ್ತಿ ಆಗಿದ್ದರೆ ಬನ್ನಿ. ಹೊಸ ಪ್ರಾಣಿಯನ್ನು ಎರಡು ವಾರ ಬೇರೆ ಕೋಣೆಯಲ್ಲಿಡಿ. ಪಾತ್ರೆ, ಬಟ್ಟೆ, ಚಪ್ಪಲಿ ಎಲ್ಲ ಬೇರೆ. ನಿಮ್ಮ ನಾಯಿಗೆ ಊಟ ಹಾಕಿ ಆಮೇಲೆ ಹೊಸದರ ಹತ್ತಿರ ಹೋಗಿ, ಉಲ್ಟಾ ಮಾಡಬೇಡಿ. ಹಿಂದೆ ಮನೆಯಲ್ಲಿ ಪಾರ್ವೊ ಆಗಿದ್ದರೆ ದಯವಿಟ್ಟು ಮುಚ್ಚಿಡದೆ ಹೇಳಿ, ಮರಿಯ ಬದಲು ದೊಡ್ಡ ನಾಯಿ ಕೊಡುತ್ತೇವೆ.

ನಾನು ಎಂಜಿನಿಯರಿಂಗ್ ಓದ್ತಿದ್ದೀನಿ, ಪಿಜಿಯಲ್ಲಿದ್ದೀನಿ.

ಫಾಸ್ಟರ್ ಬೇಡ, ದತ್ತು ಖಂಡಿತ ಬೇಡ. ರಜೆ ಬಂತೆಂದರೆ ಹಾಸ್ಟೆಲ್, ಪಿಜಿ ಸುತ್ತ ಕುತ್ತಿಗೆಪಟ್ಟಿ ಇರುವ ಅನಾಥ ನಾಯಿಗಳು ಕಾಣಿಸುತ್ತವೆ. ಭಾನುವಾರ ಬಂದು ನಾಯಿಗಳನ್ನು ವಾಕಿಂಗ್ ಕರೆದುಕೊಂಡು ಹೋಗಿ, ಫೋಟೊ ತೆಗೆದುಕೊಡಿ. ಒಳ್ಳೆಯ ಫೋಟೊ ಒಂದು ನಾಯಿಯ ಹಣೆಬರಹ ಬದಲಿಸಿದ್ದನ್ನು ನೋಡಿದ್ದೇವೆ. ಈ ಕೆಲಸದಲ್ಲಿ ನಿಮ್ಮಷ್ಟು ಜಾಣರು ನಮ್ಮಲ್ಲಿಲ್ಲ.

ಕೊಡುವಾಗ ಕರುಳು ಕಿತ್ತು ಬಂದ ಹಾಗಾಗುತ್ತೆ, ಅದಕ್ಕೇ ಫಾಸ್ಟರ್ ಮಾಡಲ್ಲ.

ಆಗುತ್ತದೆ. ಎಲ್ಲರಿಗೂ ಆಗುತ್ತದೆ. ಬಿಡಲು ಮನಸ್ಸೇ ಬರದಿದ್ದರೆ ಇಟ್ಟುಕೊಳ್ಳಬಹುದು, ಅರ್ಜಿ ಮಾತ್ರ ಎಲ್ಲರಂತೆ ತುಂಬಬೇಕು.

ದತ್ತು

ಪುಕ್ಕಟೆ ಬೀದಿನಾಯಿ ಕೊಡೋಕೆ ಇಷ್ಟೊಂದು ಪ್ರಶ್ನೆ ಯಾಕೆ?

ಬಾಡಿಗೆ ಮನೆಯಾ, ಮಾಲೀಕರು ಒಪ್ಪಿದ್ದಾರಾ, ಹಗಲು ಯಾರಿರುತ್ತಾರೆ, ಊರಿಗೆ ಹೋದರೆ ಯಾರು ನೋಡುತ್ತಾರೆ, ಮನೆಯಲ್ಲಿ ಯಾರಿಗಾದರೂ ಇಷ್ಟವಿಲ್ಲವಾ. ಇವನ್ನು ಕೇಳುತ್ತೇವೆ, ಮನೆಗೂ ಒಮ್ಮೆ ಬರುತ್ತೇವೆ. ಹುಟ್ಟುಹಬ್ಬಕ್ಕೆ ಸರ್‌ಪ್ರೈಸ್ ಗಿಫ್ಟ್ ಎಂದು ಕೇಳಿದರೆ ಕೊಡುವುದಿಲ್ಲ. ದಿನವಿಡೀ ಸರಪಳಿ ಹಾಕಿ ಕಟ್ಟಿಹಾಕಲು ಕಾವಲಿಗೆ ಬೇಕು ಎಂದರೂ ಇಲ್ಲ. ಮನೆಯಲ್ಲಿ ಅಮ್ಮನಿಗೆ ಇಷ್ಟವಿಲ್ಲ, ಆದರೆ ಮರಿ ನೋಡಿದರೆ ಸರಿಹೋಗುತ್ತಾರೆ ಎಂದರೆ ಮೊದಲು ಅಮ್ಮನನ್ನೇ ಕರೆದುಕೊಂಡು ಬನ್ನಿ ಎನ್ನುತ್ತೇವೆ. ವಾಪಸ್ ಬರುವ ನಾಯಿಗಳ ಹಿಂದೆ ಹೆಚ್ಚಾಗಿ ಒಬ್ಬರು ಒಪ್ಪದ ಮನೆಯೇ ಇರುತ್ತದೆ.

ಗಂಡು ಮರಿಯೇ ಬೇಕು.

ಎಲ್ಲರಿಗೂ ಅದೇ ಬೇಕು. ಸಂತೆಮಾಳ, ರೈಸ್ ಮಿಲ್, ಕಲ್ಯಾಣಮಂಟಪದ ಹಿಂದೆ ಬಿಟ್ಟುಹೋದ ಮರಿಗಳಲ್ಲಿ ಹೆಣ್ಣೇ ಹೆಚ್ಚು ಇರುವುದಕ್ಕೆ ಕಾರಣವೂ ಅದೇ. ಹೆಣ್ಣು ನಾಯಿ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ ಬೆದೆಗೆ ಬರುತ್ತದೆ, ಗರ್ಭ ಸುಮಾರು 63 ದಿನ. ಬೆಕ್ಕು ಇನ್ನೂ ಜೋರು, ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬ ಆಗಬಲ್ಲದು. ಈ ಹೆದರಿಕೆಯೆಲ್ಲ ಒಂದು ಆಪರೇಷನ್‌ಗೆ ಮುಗಿಯುತ್ತದೆ. ದೊಡ್ಡವನ್ನು ಆಪರೇಷನ್ ಮಾಡಿಸಿಯೇ ಕೊಡುತ್ತೇವೆ. ಮರಿಯಾದರೆ ಆರು ತಿಂಗಳ ಹೊತ್ತಿಗೆ ಕರೆತರುತ್ತೇವೆ ಎಂದು ಬರೆದುಕೊಡಬೇಕು, ಖರ್ಚು ನಮ್ಮದೇ. ಆಪರೇಷನ್ ಆದ ಹೆಣ್ಣು ನಾಯಿ ಮನೆ ಕಾಯುವುದರಲ್ಲಿ ಗಂಡಿಗಿಂತ ಏನೂ ಕಡಿಮೆ ಇಲ್ಲ. ಬೀದಿ ಸುತ್ತಲು ಹೋಗುವುದಿಲ್ಲ ಎಂಬುದು ಮೇಲಿನ ಲಾಭ.

ಲ್ಯಾಬ್ರಡಾರ್ ಇದೆಯಾ? ಹಸ್ಕಿ?

ಬರುತ್ತವೆ, ಸಾಕಲಾರದೆ ಬಿಟ್ಟವರಿಂದ. ಹಿಮದ ನಾಡಿನ ಹಸ್ಕಿಯನ್ನು ಅರಸೀಕೆರೆಯ ಏಪ್ರಿಲ್ ಬಿಸಿಲಿಗೆ ಕಟ್ಟುವುದಕ್ಕೆ ನಾವು ಕೈಜೋಡಿಸುವುದಿಲ್ಲ. ನಾಡುನಾಯಿ ಇಲ್ಲಿಯ ಹವೆಗೆ ಹುಟ್ಟಿದ್ದು, ಕಡಿಮೆ ಕಾಯಿಲೆ, ಕಡಿಮೆ ಖರ್ಚು.

ಜ್ಯೋತಿಷಿಗಳು ಕರಿ ನಾಯಿ ಸಾಕಿ ಅಂದಿದ್ದಾರೆ.

ಶನಿಗೋ ಭೈರವನಿಗೋ ಎಂದು ಕರಿ ನಾಯಿ ಹುಡುಕಿಕೊಂಡು ಬರುವವರಿದ್ದಾರೆ. ಉಳಿದ ದಿನಗಳಲ್ಲಿ ಕರಿ ಮರಿಗಳನ್ನು ಯಾರೂ ತಿರುಗಿ ನೋಡುವುದಿಲ್ಲ, ಹಾಗಾಗಿ ಜ್ಯೋತಿಷಿಗಳ ಮೇಲೆ ನಮಗೆ ಸಿಟ್ಟಿಲ್ಲ. ಒಂದೇ ಪ್ರಶ್ನೆ: ದೋಷ ಕಳೆದ ಮೇಲೂ ಸಾಕುತ್ತೀರಾ? ಬರೆದುಕೊಟ್ಟರೆ ಕೊಡುತ್ತೇವೆ.

ನಾವು ಸಸ್ಯಾಹಾರಿಗಳು. ಬೆಕ್ಕು ಸಾಕಬಹುದಾ?

ನಾಯಿಯಾದರೆ ಡಾಕ್ಟರ ಸಲಹೆಯಂತೆ ಹಾಲು, ಮೊಸರು, ಬೇಳೆ, ಪೌಷ್ಟಿಕ ಪ್ಯಾಕೆಟ್ ಆಹಾರ ಸೇರಿಸಿ ನಿಭಾಯಿಸಬಹುದು. ಬೆಕ್ಕು ಹಾಗಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಹಾಲನ್ನದ ಮೇಲೆ ಬದುಕಿದ ಹಳ್ಳಿ ಬೆಕ್ಕುಗಳು ಇಲಿ ಹಿಡಿದು ಲೆಕ್ಕ ಸರಿಮಾಡಿಕೊಳ್ಳುತ್ತಿದ್ದವು, ಫ್ಲ್ಯಾಟಿನಲ್ಲಿ ಇಲಿ ಇಲ್ಲ. ಪ್ಯಾಕೆಟ್ ಕ್ಯಾಟ್ ಫುಡ್ ಮನೆಯೊಳಗೆ ಬರಲು ಅಡ್ಡಿಯಿಲ್ಲದಿದ್ದರೆ ಮಾತ್ರ ಬೆಕ್ಕಿಗೆ ಅರ್ಜಿ ಹಾಕಿ.

ಮುದ್ದೆ, ಅನ್ನ ಹಾಕುವವರಿಗೂ ಒಂದು ಮಾತು: ಮುದ್ದೆ ತಪ್ಪಲ್ಲ, ಮುದ್ದೆ ಮಾತ್ರ ತಪ್ಪು. ಮೊಟ್ಟೆಯೋ ಕೋಳಿಯೋ ಜೊತೆಗಿರಲಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಕಲಸಬೇಡಿ, ಅದು ರಕ್ತಕಣ ಒಡೆಯುತ್ತದೆ.

ನಮ್ಮದು ಸಕಲೇಶಪುರ ಕಡೆ ಕಾಫಿ ತೋಟ. ಎರಡು ನಾಯಿ ಬೇಕಿತ್ತು.

ಓಡಾಡಲು ಜಾಗ ಇರುವ ಮನೆ ನಮಗೂ ಇಷ್ಟ. ಆದರೆ ತೋಟದ ಮನೆಗಳಿಗೆ ನಮ್ಮ ಷರತ್ತು ಪಟ್ಟಣದವರಿಗಿಂತ ಹೆಚ್ಚು. ರಾತ್ರಿ ನಾಯಿ ಒಳಗೆ ಮಲಗಬೇಕು, ಅಥವಾ ಮೇಲ್ಛಾವಣಿಗೂ ಜಾಲರಿ ಇರುವ ಗಟ್ಟಿ ಗೂಡು ಬೇಕು. ಜಗಲಿಯಲ್ಲಿ ಕಟ್ಟಿಹಾಕಿದ ನಾಯಿ ಚಿರತೆಗೆ ಬಡಿಸಿಟ್ಟ ಊಟ. ಉಣ್ಣೆಜ್ವರಕ್ಕೆ ತಿಂಗಳಿಗೊಂದು ಮಾತ್ರೆ ತಪ್ಪುವಂತಿಲ್ಲ. ನಾಯಿ ಮಂಕಾಗಿ, ಊಟ ಬಿಟ್ಟು, ಒಸಡು ಬಿಳಿಚಿದ್ದರೆ ಮರುದಿನಕ್ಕೆ ಕಾಯಬೇಡಿ. ಇಲಿಜ್ವರದ ಲಸಿಕೆ ವರ್ಷಕ್ಕೊಮ್ಮೆ ಹಾಕಿಸಿ, ಗದ್ದೆ, ತೊರೆ ಇರುವ ಕಡೆ ಇದು ಮುಖ್ಯ. ತೋಟದ ಬೇಲಿಯಲ್ಲಿ ಉರುಳು ಹಾಕುವವರಿದ್ದರೆ ತೆಗೆಸಿ. ಕಾಫಿ ಕೊಯ್ಲು ಮುಗಿದು ಕೆಲಸದವರು ಊರಿಗೆ ಹೊರಟಾಗ ಲೈನ್ ಮನೆಗಳಲ್ಲಿ ಉಳಿದುಹೋಗುವ ನಾಯಿಗಳ ಬಗ್ಗೆಯೂ ಆಗ ಮಾತಾಡೋಣ. ನಮ್ಮಿಂದ ಎರಡು ಒಯ್ಯುವ ಬದಲು ಅಲ್ಲೇ ಇರುವ ಎರಡಕ್ಕೆ ನಾವೇ ಬಂದು ಲಸಿಕೆ ಹಾಕಬಹುದಲ್ಲ?

ಮನೆಗೆ ತಂದು ಮೂರು ದಿನ ಆಯ್ತು, ಮಂಚದ ಕೆಳಗಿಂದ ಬರ್ತಾನೇ ಇಲ್ಲ.

ಬರುತ್ತದೆ. ಊಟ, ನೀರು ಹತ್ತಿರ ಇಟ್ಟು ಎಳೆಯದೆ ಬಿಟ್ಟುಬಿಡಿ. ನೆಂಟರಿಷ್ಟರನ್ನು ಕರೆದು ತೋರಿಸುವುದನ್ನು ಮುಂದಕ್ಕೆ ಹಾಕಿ. ದೊಡ್ಡ ನಾಯಿಗಳು ಮನೆಗೆ ಒಗ್ಗಲು ತಿಂಗಳುಗಳೇ ಬೇಕಾಗಬಹುದು. ಹೊಂದಿಕೆಯಾಗದಿದ್ದರೆ ಯಾವಾಗ ಬೇಕಾದರೂ ನಮಗೇ ವಾಪಸ್ ಕೊಡಿ, ಒಂದು ಮಾತೂ ಆಡುವುದಿಲ್ಲ. ಬೇರೆ ಯಾರಿಗೋ ದಾಟಿಸಬೇಡಿ.

ಇತರೆ

ನಾವೇ ಸಾಕಿದ ನಾಯಿಯನ್ನು ಬಿಡಬೇಕಾಗಿದೆ.

ವರ್ಗಾವಣೆ, ಕಾಯಿಲೆ, ಮನೆಯಲ್ಲಿ ಸಾವು, ಕಾರಣ ಏನೇ ಇರಲಿ, ಮುಂಚಿತವಾಗಿ ಹೇಳಿ. ಹೊಸ ಮನೆ ಸಿಗುವವರೆಗೆ ನಾಯಿ ನಿಮ್ಮಲ್ಲೇ ಇರಲಿ. ಮನೆಯಲ್ಲಿ ತೆಗೆದ ಫೋಟೊ, ಲಸಿಕೆ ಪುಸ್ತಕ, ಸ್ವಭಾವ ಬರೆದ ನಾಲ್ಕು ಸಾಲು ಇದ್ದರೆ ಬೇಗ ಮನೆ ಸಿಗುತ್ತದೆ. ರಾತ್ರಿ ನಮ್ಮ ಗೇಟಿಗೆ ಕಟ್ಟಿ ಹೋಗಬೇಡಿ. ಹಸಿವು, ಬಾಯಾರಿಕೆಗೆ ಸಿಕ್ಕುವಂತೆ ಪ್ರಾಣಿಯನ್ನು ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಪ್ರಕಾರ ಅಪರಾಧ. ದಂಡ ಮೊದಲ ಸಲಕ್ಕೆ 10ರಿಂದ 50 ರೂಪಾಯಿ. ಹೌದು, ಇವತ್ತಿಗೂ ಅಷ್ಟೇ.

ಯಾರೋ ನಾಯಿಗೆ ವಿಷ ಹಾಕಿದ್ದಾರೆ, ಹೊಡೆದು ಸಾಯಿಸಿದ್ದಾರೆ. ದೂರು ಕೊಟ್ಟರೆ ತಗೊಳ್ತಾರಾ?

ಇಲ್ಲಿ ಕಾನೂನಿಗೆ ಹಲ್ಲಿದೆ. ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂನಲ್ಲಿ ಪ್ರಾಣಿಯನ್ನು ಕೊಲ್ಲುವುದಕ್ಕೆ, ಅಂಗಹೀನ ಮಾಡುವುದಕ್ಕೆ ಐದು ವರ್ಷದವರೆಗೆ ಜೈಲು, ದಂಡ, ಅಥವಾ ಎರಡೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿದೆ. ಕಲಂ ನಂಬರನ್ನು ದೂರಿನಲ್ಲೇ ಬರೆಯಿರಿ. ಫೋಟೊ, ವಿಡಿಯೊ, ಸಮಯ, ಸಿಸಿ ಕ್ಯಾಮೆರಾ ಎಲ್ಲಿದೆ ಎಂಬುದನ್ನೂ ಸೇರಿಸಿ. ದೇಹವನ್ನು ಹೂಳುವ ಮೊದಲು ಮರಣೋತ್ತರ ಪರೀಕ್ಷೆಗೆ ಕೇಳಿ. ವಿಷ ಎಂದು ಸಾಬೀತಾಗುವುದು ಅದರಿಂದಲೇ.

ದೀಪಾವಳಿಗೆ ನಾಯಿ ತಪ್ಪಿಸಿಕೊಂಡು ಹೋಯ್ತು.

ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಊರು ತುಂಬ ಹೊರಗಿನ ಗಾಡಿ, ಅದರ ಜೊತೆಗೇ ಪಟಾಕಿ. ನಮಗೆ ವರ್ಷದ ಅತಿ ಹೆಚ್ಚು "ನಾಯಿ ಕಾಣೆ" ಫೋನು ಬರುವುದು ಆಗಲೇ. ಹೆದರಿದ ನಾಯಿ ಮೊದಲು ಹತ್ತಿರದ ಚರಂಡಿ, ಖಾಲಿ ಸೈಟು, ನಿಂತ ಲಾರಿಯ ಕೆಳಗೆ ಅಡಗುತ್ತದೆ. ಬೆಳಗಿನ ಜಾವ, ಗಲಾಟೆ ನಿಂತ ಮೇಲೆ, ಅದಕ್ಕೆ ಪರಿಚಯದ ಒಬ್ಬರೇ ಹೋಗಿ ಮೆಲ್ಲಗೆ ಕರೆಯಿರಿ. ಗುಂಪು ಕಟ್ಟಿಕೊಂಡು ಹೋದರೆ ಇನ್ನೂ ದೂರ ಓಡುತ್ತದೆ. ಮುಂದಿನ ಹಬ್ಬಕ್ಕೆ ಮೊದಲು ಕುತ್ತಿಗೆಪಟ್ಟಿಯ ಮೇಲೆ ಫೋನ್ ನಂಬರನ್ನು ಮಾರ್ಕರ್ ಪೆನ್ನಿನಲ್ಲಿ ಬರೆಯಿರಿ, ಕತ್ತಲಾಗುವ ಮುಂಚೆಯೇ ವಾಕಿಂಗ್ ಮುಗಿಸಿ ಬಾಗಿಲು ಹಾಕಿ.

ದುಡ್ಡು ಕೊಡೋಕಾಗಲ್ಲ, ಬೇರೆ ಏನಾದ್ರೂ ಕೊಡಬಹುದಾ?

ಹಳೇ ಬೆಡ್‌ಶೀಟ್, ಟವೆಲ್, ದಿನಪತ್ರಿಕೆ, ದೊಡ್ಡ ಪಾತ್ರೆ, ಕಾಫಿ ತುಂಬಿಸಿದ್ದ, ಈಗ ಖಾಲಿಯಾದ ಗೋಣಿಚೀಲ. ಮಳೆಗಾಲದಲ್ಲಿ ಚೀಲ ಎಷ್ಟಿದ್ದರೂ ಸಾಲದು, ಒಂದೂ ಒಣಗುವುದಿಲ್ಲ. ಹತ್ತಿ ಹಾಸಿಗೆ, ದಿಂಬು ಬೇಡ, ಹರಿದು ನುಂಗುತ್ತವೆ. ಅವಧಿ ಮುಗಿದ ಔಷಧಿ ಬೇಡ. ಮದುವೆಯಲ್ಲಿ ಉಳಿದ ಬಿರಿಯಾನಿಯೂ ಬೇಡ. ಹೋಳಿಗೆ, ಲಾಡು ಅಂತೂ ಬೇಡವೇ ಬೇಡ. ಬರೀ ಅನ್ನ ಉಳಿದಿದ್ದರೆ ಹಳಸುವ ಮೊದಲು ಫೋನ್ ಮಾಡಿ, ಪಾತ್ರೆ ತೆಗೆದುಕೊಂಡು ನಾವೇ ಬರುತ್ತೇವೆ.